ಪಾಸ್‌ವರ್ಡಿನ ಪಕ್ಕದಲ್ಲಿ ಮಿದುಳಿನ ಅಲೆ: ಬರ್ಕ್ಲಿ ಪ್ರಯೋಗದ ಪ್ರಕರಣ ಅಧ್ಯಯನ

2013ರ ಏಪ್ರಿಲ್‌ನಲ್ಲಿ ಜಪಾನಿನ ಒಕಿನಾವಾದಲ್ಲಿ ಹಣಕಾಸು ಗೂಢಲಿಪಿ ಹಾಗೂ ದತ್ತಾಂಶ ಸುರಕ್ಷತೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಜೊತೆಗಿದ್ದ ಕಾರ್ಯಾಗಾರವೊಂದರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಪ್ರಾಧ್ಯಾಪಕ ಜಾನ್ ಚುವಾಂಗ್ ಮತ್ತು ಅವರ ಸಂಗಡಿಗರು ಸಣ್ಣದೊಂದು ಪ್ರಯೋಗದ ವರದಿಯನ್ನು ಮಂಡಿಸಿದರು. ಸುಮಾರು 100 ಡಾಲರ್‌ಗೆ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ, ಮಿದುಳಿನ ವಿದ್ಯುತ್ ಅಲೆಯನ್ನು ಓದುವ, ನೋಡಲು ಹಾಡು ಕೇಳುವ ಹೆಡ್‌ಸೆಟ್‌ನಂತೆಯೇ ಇದ್ದ ಉಪಕರಣವೊಂದನ್ನು ತಲೆಗೆ ಹಾಕಿಕೊಂಡು ಕೆಲವು ಸೆಕೆಂಡುಗಳ ಕಾಲ ಒಂದು ಯೋಚನೆಯಲ್ಲಿ ಮನಸ್ಸಿಟ್ಟರೆ, ಹಾಗೆ ಕುಳಿತವರು ಖಾತೆಯ ನಿಜವಾದ ಒಡೆಯರೇ ಅಲ್ಲವೇ ಎಂಬುದನ್ನು ಶೇಕಡಾ 99ರಷ್ಟು ನಿಖರವಾಗಿ ಹೇಳಬಹುದು ಎಂಬುದು ಆ ವರದಿಯ ಸಾರ. ಪಾಸ್‌ವರ್ಡಿನ ಕಾಲ ಮುಗಿಯಿತೆಂಬ ಧಾಟಿಯಲ್ಲಿ ಪತ್ರಿಕೆಗಳು ಆಗ ಬರೆದವು. ಇಷ್ಟು ವರ್ಷಗಳ ನಂತರವೂ ನಾವು ಪಾಸ್‌ವರ್ಡನ್ನೇ ಒತ್ತುತ್ತಿದ್ದೇವೆ. ಆ 99 ಎಂಬ ಅಂಕಿ ಹೇಗೆ ಹುಟ್ಟಿತು, ಅದು ಏನನ್ನು ಹೇಳುತ್ತದೆ, ಪಾಸ್‌ವರ್ಡಿಗೆ ಬಲ ಕೊಡಲು ಮಿದುಳಿನ ಅಲೆಯನ್ನು ಎಲ್ಲಿ ಇಡಬಹುದು, ಎಲ್ಲಿ ಇಡಬಾರದು ಎಂಬುದನ್ನು ಈ ಒಂದು ಪ್ರಕರಣವನ್ನು ಹಿಡಿದು ಪರಿಶೀಲಿಸುವುದು ಇಲ್ಲಿನ ಕೆಲಸ.

ಪ್ರಯೋಗದ ಹಿನ್ನೆಲೆ

ಪಾಸ್‌ವರ್ಡ್ ಎಷ್ಟು ದುರ್ಬಲ ಎಂಬುದು 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಎಂಬ ಸಂಸ್ಥೆಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿಹೋದಾಗ ಲೋಕಕ್ಕೆಲ್ಲ ಕಂಡಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಸಿಕ್ಕಿದ್ದು 123456, ಸುಮಾರು 2.9 ಲಕ್ಷ ಮಂದಿ ಅದನ್ನೇ ಇಟ್ಟುಕೊಂಡಿದ್ದರು. ಆದರೆ ಊಹಿಸಲು ಸುಲಭ ಎಂಬುದಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಪಾಸ್‌ವರ್ಡನ್ನು ಯಾರು ಒತ್ತಿದರೂ ಯಂತ್ರದ ಪಾಲಿಗೆ ಅವರೇ ಖಾತೆದಾರರು, ಏಕೆಂದರೆ ಒತ್ತಿದ ಅಕ್ಷರಗಳ ಹೊರತಾಗಿ ಒತ್ತಿದವರ ಬಗ್ಗೆ ಅದಕ್ಕೆ ಬೇರೇನೂ ತಿಳಿಯದು. ನಮ್ಮ ಬ್ಯಾಂಕುಗಳು ಈ ಕೊರತೆಯನ್ನು ಓಟಿಪಿಯಿಂದ ಮುಚ್ಚಲು ನೋಡಿದವು, ಆದರೆ ಓಟಿಪಿ ಸಾಬೀತುಪಡಿಸುವುದು ಫೋನು ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ, ಮತ್ತು ಫೋನಿನಲ್ಲಿ ಸಿಹಿಮಾತನಾಡಿ ಅದನ್ನು ಬಾಯಿಬಿಡಿಸುವವರ ಕಥೆ ಎಲ್ಲರಿಗೂ ಗೊತ್ತೇ ಇದೆ. ಬೆರಳಚ್ಚು ದೇಹಕ್ಕೆ ಅಂಟಿಕೊಂಡಿದೆ ನಿಜ, ಆದರೆ ಕಳುವಾದರೆ ಬದಲಿಸಲು ಬರುವುದಿಲ್ಲ. 2015ರಲ್ಲಿ ಅಮೆರಿಕದ ಕೇಂದ್ರ ಸರಕಾರದ ಸಿಬ್ಬಂದಿ ಕಚೇರಿಯಿಂದ ಸುಮಾರು 56 ಲಕ್ಷ ಜನರ ಬೆರಳಚ್ಚು ಕಳುವಾಯಿತು. ಅವರಲ್ಲಿ ಯಾರೂ ಹೊಸ ಬೆರಳು ತಂದುಕೊಳ್ಳಲಾರರು.

ಬದಲಿಸಬಹುದಾದ ರಹಸ್ಯ ಮತ್ತು ಬದಲಾಗದ ದೇಹ ಇವೆರಡನ್ನೂ ಒಂದೇ ಗುರುತಿನಲ್ಲಿ ಸೇರಿಸಬಹುದಲ್ಲವೇ ಎಂದು 2005ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಜೂಲಿ ಥಾರ್ಪ್, ಪಾಲ್ ವಾನ್ ಊರ್‌ಸ್ಕಾಟ್ ಮತ್ತು ಅನಿಲ್ ಸೋಮಯಾಜಿ ಕೇಳಿದ್ದರು. ಬಳಕೆದಾರರು ಮನಸ್ಸಿನಲ್ಲಿ ಒಂದು ಯೋಚನೆಯನ್ನು ತಂದುಕೊಳ್ಳುತ್ತಾರೆ, ಯಂತ್ರ ಆ ಹೊತ್ತಿನ ಅಲೆಯನ್ನು ಓದುತ್ತದೆ. ಯೋಚನೆ ಸೋರಿತೆಂದರೆ ಬೇರೊಂದನ್ನು ಆರಿಸಿಕೊಳ್ಳಬಹುದು. ಇದಕ್ಕೆ ಅವರು ಪಾಸ್‌ಥಾಟ್ ಎಂದು ಹೆಸರಿಟ್ಟರು. ಅದು ಆಗ ಹೆಚ್ಚುಕಡಿಮೆ ಒಂದು ಪ್ರಸ್ತಾಪವಾಗಿಯೇ ಉಳಿಯಿತು. ಅಲೆಯನ್ನು ಚೆನ್ನಾಗಿ ಓದಬೇಕೆಂದರೆ ಆಸ್ಪತ್ರೆಯಲ್ಲಿ ಮಾಡುವಂತೆ ತಲೆಯ ಮೇಲೆಲ್ಲ ಜೆಲ್ ಹಚ್ಚಿ ಹತ್ತಾರು ಎಲೆಕ್ಟ್ರೋಡ್‌ಗಳನ್ನು ಕೂರಿಸಬೇಕಿತ್ತು, ಮತ್ತು ಮಿಂಚಂಚೆ ನೋಡುವ ಮುನ್ನ ಯಾರೂ ಅಷ್ಟೆಲ್ಲ ಮಾಡಿಕೊಳ್ಳುವುದಿಲ್ಲ.

ಬರ್ಕ್ಲಿಯವರು ಎತ್ತಿಕೊಂಡದ್ದು ಈ ತೊಡಕನ್ನೇ. ಅವರು ಬಳಸಿದ ನ್ಯೂರೋಸ್ಕೈ ಮೈಂಡ್‌ಸೆಟ್‌ನಲ್ಲಿ ಹಣೆಯ ಎಡಭಾಗಕ್ಕೆ ತಾಗುವ ಒಂದೇ ಒಂದು ಒಣ ಸೆನ್ಸರ್ ಇತ್ತು, ಕಿವಿಯ ಬಳಿ ಹೋಲಿಕೆಗಾಗಿ ಇನ್ನೊಂದು ಸ್ಪರ್ಶಬಿಂದು, ಅಲ್ಲಿಂದ ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ. ಜೆಲ್ ಬೇಡ, ತಂತಿ ಬೇಡ, ತಂತ್ರಜ್ಞರೂ ಬೇಡ. ಈ ಸರಳತೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ಅಲೆಯನ್ನು ದಾಖಲಿಸಿದಾಗಿನಿಂದ ಇಂದಿನವರೆಗೂ ಬದಲಾಗದ ಸಂಗತಿಯೆಂದರೆ, ತಲೆಬುರುಡೆಯನ್ನು ದಾಟಿ ಚರ್ಮದವರೆಗೆ ಬರುವ ಸಂಕೇತದ ಬಲ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟೇ. ಒಮ್ಮೆ ಕಣ್ಣು ಮಿಟುಕಿಸಿದರೆ ಹಣೆಯ ಮೇಲೆ ಏಳುವ ವಿದ್ಯುತ್ತು ಅದಕ್ಕಿಂತ ದೊಡ್ಡದಾಗಿರುತ್ತದೆ, ಹುಬ್ಬು ಗಂಟಿಕ್ಕಿದರೂ ಅಲೆ ಕಲಕುತ್ತದೆ. ಗೋಡೆಯೊಳಗಿನ ವಿದ್ಯುತ್ ತಂತಿಯ ಗುಂಯ್‌ಗುಡುವಿಕೆ, ನಮ್ಮಲ್ಲಾದರೆ 50 ಹರ್ಟ್ಸ್, ಅಮೆರಿಕದಲ್ಲಿ 60, ಅದರೊಳಗೆ ಬೆರೆತುಕೊಳ್ಳುತ್ತದೆ. ಹಣೆಯಲ್ಲಿ ಬೆವರು, ವಿಭೂತಿ, ಕುಂಕುಮ ಏನಿದ್ದರೂ ಒಣ ಸೆನ್ಸರಿನ ಸ್ಪರ್ಶ ಬದಲಾಗುತ್ತದೆ ಎಂಬುದನ್ನು ನಮ್ಮ ಕಡೆ ಇಂಥದ್ದನ್ನು ಬಳಸಲು ಹೊರಡುವವರು ಮೊದಲೇ ನೆನಪಿಟ್ಟುಕೊಳ್ಳಬೇಕು.

ಏಳು ಕೆಲಸಗಳು

ಪ್ರಯೋಗದಲ್ಲಿ ಭಾಗವಹಿಸಿದವರು 15 ಮಂದಿ. ಅವರಿಗೆ ಕೊಟ್ಟ ಏಳು ಮಾನಸಿಕ ಕೆಲಸಗಳಲ್ಲಿ ಮೂರು ಎಲ್ಲರಿಗೂ ಒಂದೇ: ಕಣ್ಣು ಮುಚ್ಚಿ ಉಸಿರಾಟದ ಮೇಲೆ ಗಮನವಿಡುವುದು, ಬೆರಳನ್ನು ಆಡಿಸದೆಯೇ ಮೇಲೆ ಕೆಳಗೆ ಆಡಿಸಿದಂತೆ ಊಹಿಸಿಕೊಳ್ಳುವುದು, ಒಂದು ಧ್ವನಿಗೆ ಕಿವಿಗೊಟ್ಟು ಆಮೇಲೆ ಚುಕ್ಕೆಯೊಂದರ ಮೇಲೆ ದೃಷ್ಟಿ ನಿಲ್ಲಿಸುವುದು. ಉಳಿದ ನಾಲ್ಕರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಗುಟ್ಟೊಂದಿತ್ತು. ಇಷ್ಟದ ಆಟದ ಒಂದು ಚಲನೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡುವುದು, ಇಷ್ಟದ ಹಾಡನ್ನು ಒಳಗೊಳಗೇ ಹಾಡಿಕೊಳ್ಳುವುದು, ಪರದೆಯ ಮೇಲಿನ ಚಿತ್ರಗಳಲ್ಲಿ ತಾನು ಆರಿಸಿಕೊಂಡ ಬಣ್ಣದವನ್ನು ಎಣಿಸುವುದು, ಇಲ್ಲವೇ ತನಗೆ ತೋಚಿದ ಯಾವುದಾದರೂ ಒಂದು ಯೋಚನೆಯನ್ನು ಕೆಲವು ಸೆಕೆಂಡು ಹಿಡಿದಿಡುವುದು. ಕಂಪ್ಯೂಟರು ಪ್ರತಿ ದಾಖಲೆಯ ಆಲ್ಫಾ ಮತ್ತು ಬೀಟಾ ಪಟ್ಟಿಗಳನ್ನು, ಎಂದರೆ ಸೆಕೆಂಡಿಗೆ ಸರಿಸುಮಾರು 8ರಿಂದ 30 ಬಾರಿ ಏರಿಳಿಯುವ ಅಲೆಗಳನ್ನು, ತೆಗೆದುಕೊಂಡು ಅದೇ ವ್ಯಕ್ತಿಯ ಹಳೆಯ ದಾಖಲೆಗಳಿಗೆ ಎಷ್ಟು ಹೋಲುತ್ತದೆ, ಉಳಿದವರ ದಾಖಲೆಗಳಿಗೆ ಎಷ್ಟು ಹೋಲುತ್ತದೆ ಎಂದು ಲೆಕ್ಕ ಹಾಕುತ್ತಿತ್ತು. ಹೋಲಿಕೆ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಒಳಗೆ ಬಿಡುವುದು, ಇಲ್ಲದಿದ್ದರೆ ತಡೆಯುವುದು.

ತಂತ್ರಜ್ಞಾನದ ವರದಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಕಾಳಜಿ ಇಲ್ಲಿ ಕಾಣುತ್ತದೆ. ಯಾವ ಕೆಲಸ ಹಿತವೆನಿಸಿತು, ಯಾವುದು ಬೇಸರ ತರಿಸಿತು ಎಂದು ಭಾಗವಹಿಸಿದವರನ್ನೇ ಕೇಳಲಾಯಿತು. ಆಟದ ಚಲನೆಯನ್ನು ಊಹಿಸಿಕೊಳ್ಳುವುದು ಕಷ್ಟವೆನಿಸಿತಂತೆ, ಏಕೆಂದರೆ ಸ್ನಾಯುವನ್ನು ಆಡಿಸದೆ ಅದರ ಆಟವನ್ನು ಮಾತ್ರ ನೆನೆಯುವುದು ಸಹಜವಲ್ಲ. ಆರಿಸಿಕೊಂಡ ಗುಟ್ಟನ್ನು ಮತ್ತೆ ನೆನಪಿಗೆ ತಂದುಕೊಳ್ಳಲು ಮಾತ್ರ ಅವರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಯಾವ ಕೆಲಸ ಇಷ್ಟ ಎಂಬುದು ಒಬ್ಬರಿಂದೊಬ್ಬರಿಗೆ ಬೇರೆಯಾಗಿತ್ತು. ದಿನಕ್ಕೆ ಹತ್ತು ಬಾರಿ ಮಾಡಬೇಕಾದ ಕೆಲಸದಲ್ಲಿ ಬೇಸರವೆಂಬುದೂ ಒಂದು ಸುರಕ್ಷತಾ ದೋಷವೇ. ಬೇಸತ್ತವರು ಆ ವ್ಯವಸ್ಥೆಯನ್ನು ತಪ್ಪಿಸಿಕೊಳ್ಳುವ ಅಡ್ಡದಾರಿಯನ್ನು ಖಂಡಿತ ಹುಡುಕುತ್ತಾರೆ.

ಶೇಕಡಾ 99ರ ಒಳಗೆ

ಫಲಿತಾಂಶದ ವಾಕ್ಯವನ್ನು ಪೂರ್ತಿಯಾಗಿ ಓದಬೇಕು. ಪ್ರತಿಯೊಬ್ಬರಿಗೂ ಅವರವರಿಗೆ ಹೊಂದುವ ಕೆಲಸವನ್ನೂ ಅವರವರಿಗೇ ಹೊಂದಿಸಿದ ಮಿತಿಯನ್ನೂ ಆರಿಸಿದಾಗ ನಿಖರತೆ ಶೇಕಡಾ 99 ತಲುಪುತ್ತದೆ ಎಂಬುದು ವರದಿಯ ಮಾತು. ಎಲ್ಲರಿಗೂ ಒಂದೇ ಕೆಲಸ, ಒಂದೇ ಮಿತಿ ಎಂದರೆ ಅಂಥ ಫಲ ಸಿಗುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ; ಬೆರಳಚ್ಚಿನ ಯಂತ್ರವನ್ನೂ ಹೀಗೆ ಹೊಂದಿಸಿಕೊಳ್ಳುವುದುಂಟು. ಆದರೆ ಕೈಯಲ್ಲಿರುವ ದಾಖಲೆಗಳನ್ನು ನೋಡಿ ಅವುಗಳಿಗೆ ಒಪ್ಪುವ ಮಿತಿಯನ್ನು ಗೊತ್ತುಮಾಡುವುದು ಒಂದು, ಆ ಮಿತಿ ಮೂರು ತಿಂಗಳ ನಂತರ ನಿದ್ದೆಗೆಟ್ಟು ಎದ್ದ ಬೆಳಿಗ್ಗೆಯೂ ನಿಲ್ಲುವುದು ಇನ್ನೊಂದು. ನಿದ್ದೆ, ಕಾಫಿ, ಮದ್ಯ, ಗಾಬರಿ ಎಲ್ಲವೂ ಅಲೆಯನ್ನು ಬದಲಿಸುತ್ತವೆ, ಅದರಲ್ಲೂ ಆಲ್ಫಾ ಪಟ್ಟಿ ಎಚ್ಚರ ಮತ್ತು ಮಂಪರಿನ ನಡುವೆ ಬಹಳ ತೂಗಾಡುತ್ತದೆ. 15 ಜನರಿಂದ ಬಂದ ಅಂಕಿಯನ್ನು 15 ಲಕ್ಷ ಜನರ ಮೇಲೆ ಹೊರಿಸುವ ಮೊದಲು ಇದನ್ನು ಅಳೆದು ನೋಡಬೇಕು.

ಇನ್ನೊಂದು ಅನುಮಾನವೂ ನನಗಿದೆ. ಹಣೆಯ ಮೇಲಿನ ಒಂದೇ ಸೆನ್ಸರು ಗುರುತಿಸಿದ್ದರಲ್ಲಿ ಎಷ್ಟು ಪಾಲು ಮಿದುಳಿನದು, ಎಷ್ಟು ಪಾಲು ಆ ವ್ಯಕ್ತಿ ಕಣ್ಣು ಮಿಟುಕಿಸುವ ರೀತಿಯದು, ಹಣೆ ಬಿಗಿಯುವ ಅಭ್ಯಾಸದ್ದು ಎಂಬುದನ್ನು ಇಂಥ ಉಪಕರಣದಲ್ಲಿ ಬಿಡಿಸಿ ಹೇಳುವುದು ಕಷ್ಟ. ಗುರುತಿನ ದೃಷ್ಟಿಯಿಂದ ಅದು ತಪ್ಪಲ್ಲ, ಹಣೆ ಬಿಗಿಯುವುದೂ ನನ್ನದೇ ಅಭ್ಯಾಸ. ಆದರೆ ಮುಖದ ಅಭ್ಯಾಸವನ್ನು ನೋಡಿ ಅನುಕರಿಸಬಹುದು, ಮಿದುಳಿನ ಅಲೆಯನ್ನು ನೋಡಿ ಅನುಕರಿಸಲಾಗದು. ವ್ಯವಸ್ಥೆ ಯಾವುದನ್ನು ನಂಬಿಕೊಂಡಿದೆ ಎಂಬುದು ತಿಳಿಯದೆ ದಾಳಿಯ ಸಾಧ್ಯತೆಯನ್ನು ತೂಗಲಾಗದು.

ಶೇಕಡಾ 1ರ ತಪ್ಪು ಎಂದರೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ ನೋಡೋಣ. ತಪ್ಪು ಎರಡು ಬಗೆಯದು: ಪರಕೀಯರನ್ನು ಒಳಗೆ ಬಿಡುವುದು, ಒಡೆಯರನ್ನು ಹೊರಗೆ ನಿಲ್ಲಿಸುವುದು. ಹತ್ತು ಲಕ್ಷ ಗ್ರಾಹಕರು ದಿನಕ್ಕೊಮ್ಮೆ ಲಾಗಿನ್ ಆಗುವ ಬ್ಯಾಂಕಿನಲ್ಲಿ ಎರಡನೆಯ ತಪ್ಪು ನೂರಕ್ಕೆ ಒಂದರಂತೆ ಆದರೆ ದಿನಕ್ಕೆ 10,000 ಮಂದಿ ತಮ್ಮದೇ ಖಾತೆಯ ಬಾಗಿಲಲ್ಲಿ ನಿಂತಿರುತ್ತಾರೆ. ಅವರಿಗಾಗಿ ಸಹಾಯವಾಣಿ, ಸಹಾಯವಾಣಿಯಲ್ಲಿ ಗುರುತು ಕೇಳುವ ಪ್ರಶ್ನೆಗಳು, ಆ ಪ್ರಶ್ನೆಗಳಿಗೆ ಉತ್ತರ ಕದ್ದವರು, ಹೀಗೆ ಹಿತ್ತಲ ಬಾಗಿಲೊಂದು ತಾನಾಗಿ ತೆರೆದುಕೊಳ್ಳುತ್ತದೆ. ಮೊದಲನೆಯ ತಪ್ಪು ನೂರಕ್ಕೆ ಒಂದು ಎಂದರೆ ಅಲೆಯೊಂದನ್ನೇ ಕಾವಲಿಗೆ ಇಟ್ಟಾಗ ಅದು ತೀರ ಸಡಿಲ, ಏಕೆಂದರೆ ನಾಲ್ಕಂಕಿಯ ಪಿನ್ನನ್ನು ಮೂರು ಅವಕಾಶದಲ್ಲಿ ಊಹಿಸುವ ಸಾಧ್ಯತೆಯೇ 10,000ಕ್ಕೆ ಮೂರು.

ಎರಡನ್ನೂ ಒಟ್ಟಿಗೆ ಕೇಳಿದಾಗ ಚಿತ್ರ ಬದಲಾಗುತ್ತದೆ. ಪಿನ್ನನ್ನೂ ಊಹಿಸಬೇಕು, ಅಲೆಯೂ ಹೊಂದಬೇಕು ಎಂದಾದರೆ, ಮತ್ತು ಒಂದು ಇನ್ನೊಂದರ ಮೇಲೆ ಅವಲಂಬಿಸಿಲ್ಲವಾದರೆ, ಒಳನುಗ್ಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಮೂರಕ್ಕೆ ಇಳಿಯುತ್ತದೆ. ಪಿನ್ ಈಗಾಗಲೇ ಸೋರಿಹೋಗಿದ್ದರೂ ನೂರರಲ್ಲಿ 99 ಬಾರಿ ಕಳ್ಳನಿಗೆ ತಡೆ ಬೀಳುತ್ತದೆ. ಸೋರಿದ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಹಿಡಿದು ಸಾವಿರಾರು ಖಾತೆಗಳ ಮೇಲೆ ಯಂತ್ರದಿಂದ ಪ್ರಯತ್ನಿಸುವವರಿಗೆ ಈ ತಡೆಯೇ ದೊಡ್ಡದು, ಏಕೆಂದರೆ ಪ್ರತಿ ಪ್ರಯತ್ನಕ್ಕೂ ಒಂದು ತಲೆ ಬೇಕಾಗುತ್ತದೆ, ಇಲ್ಲವೇ ನಂಬಿಸಬಲ್ಲ ಒಂದು ನಕಲಿ ಸಂಕೇತ ಬೇಕಾಗುತ್ತದೆ. ಬರ್ಕ್ಲಿ ಗುಂಪಿನ 2014ರ ಮುಂದುವರಿಕೆಯ ಅಧ್ಯಯನ ಈ ಅಂಶವನ್ನು ಮುಟ್ಟಿತು: ಇನ್ನೊಬ್ಬರ ಗುಟ್ಟು ಯಾವ ಯೋಚನೆ ಎಂದು ತಿಳಿದುಕೊಂಡು ತಾನೂ ಅದನ್ನೇ ಯೋಚಿಸಿದ ಮಾತ್ರಕ್ಕೆ ಸೋಗುಹಾಕುವವರಿಗೆ ಅನುಕೂಲವಾಗಲಿಲ್ಲ. ಒಂದೇ ಹಾಡನ್ನು ಇಬ್ಬರು ಮನಸ್ಸಿನಲ್ಲಿ ಹಾಡಿಕೊಂಡರೂ ಅಲೆ ಎರಡಾಗಿರುತ್ತದೆ.

ಈ ಕೊನೆಯ ಫಲಿತಾಂಶವನ್ನು ಎಲ್ಲರೂ ಸಂತೋಷದಿಂದ ಉಲ್ಲೇಖಿಸುತ್ತಾರೆ, ಆದರೆ ಅದರ ಇನ್ನೊಂದು ಮುಖವನ್ನು ಗಮನಿಸುವವರು ಕಡಿಮೆ. ಯೋಚನೆ ಯಾವುದು ಎಂಬುದಕ್ಕಿಂತ ಯೋಚಿಸುವವರು ಯಾರು ಎಂಬುದೇ ಅಲೆಯಲ್ಲಿ ಎದ್ದು ಕಾಣುವುದಾದರೆ, ಯೋಚನೆಯನ್ನು ಬದಲಿಸಿದಾಗ ಗುರುತು ಎಷ್ಟು ಬದಲಾದೀತು? ಪಾಸ್‌ಥಾಟ್‌ನ ಮೂಲ ಆಕರ್ಷಣೆಯೇ ಅದು ಬದಲಿಸಬಹುದಾದ ದೇಹಗುರುತು ಎಂಬುದಾಗಿತ್ತು. ಸೋಗಿಗೆ ಮಣಿಯದ ಗುಣವೂ ಸುಲಭವಾಗಿ ಬದಲಾಗುವ ಗುಣವೂ ಒಂದನ್ನೊಂದು ಎಳೆದಾಡುತ್ತವೆ. ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಸಾರಾ ಲಾಸ್ಲೊ, ಝಾನ್‌ಪೆಂಗ್ ಜಿನ್ ಮತ್ತು ಸಂಗಡಿಗರು 2016ರಲ್ಲಿ ಬೇರೆ ದಾರಿ ಹಿಡಿದರು. 50 ಮಂದಿಗೆ ಪಿಜ್ಜಾ ತುಂಡು, ದೋಣಿ, ಪ್ರಸಿದ್ಧ ನಟಿಯ ಮುಖ, ಅಪರೂಪದ ಪದ ಹೀಗೆ ಆಯ್ದ 500 ಚಿತ್ರಗಳನ್ನು ತಲಾ ಅರ್ಧ ಸೆಕೆಂಡು ತೋರಿಸಿ, ಪ್ರತಿಯೊಬ್ಬರ ಮಿದುಳು ಅವಕ್ಕೆ ಮಿಡಿದ ರೀತಿಯಿಂದ ಅವರನ್ನು ಶೇಕಡಾ 100ರಷ್ಟು ಸರಿಯಾಗಿ ಗುರುತಿಸಿದರು. ದಾಖಲೆ ಕಳುವಾದರೆ ಚಿತ್ರಗಳ ಗುಂಪನ್ನೇ ಬದಲಿಸಿ ಹೊಸ ದಾಖಲೆ ಮಾಡಿಕೊಳ್ಳಬಹುದೆಂಬ ಅವರ ವಾದ ಬರ್ಕ್ಲಿಯದಕ್ಕಿಂತ ಗಟ್ಟಿಯಾಗಿದೆ. ಆದರೆ ಅಷ್ಟೂ ಚಿತ್ರಗಳನ್ನು ನೋಡುವುದಕ್ಕೇ ನಾಲ್ಕು ನಿಮಿಷಕ್ಕಿಂತ ಹೆಚ್ಚು ಬೇಕು, ಅದೂ ಬಹು ಎಲೆಕ್ಟ್ರೋಡ್‌ಗಳ ಟೋಪಿ ಹಾಕಿಕೊಂಡು. ಅಣುಸ್ಥಾವರದ ಬಾಗಿಲಿಗೆ ಅದು ಸರಿ, ಬ್ಯಾಂಕ್ ಖಾತೆಗಲ್ಲ.

ದಾಖಲೆಯನ್ನು ಕಾಪಿಡುವ ಪ್ರಶ್ನೆ ಇದಕ್ಕೆ ತಳುಕು ಹಾಕಿಕೊಂಡಿದೆ. ಪಾಸ್‌ವರ್ಡನ್ನು ಸರ್ವರಿನಲ್ಲಿ ಸಾಮಾನ್ಯವಾಗಿ ಇದ್ದಂತೆ ಇಡುವುದಿಲ್ಲ. ಅದನ್ನು ಹಿಂದಿರುಗಿಸಲಾಗದ ಹ್ಯಾಷ್ ರೂಪಕ್ಕೆ ತಿರುಗಿಸಿ ಇಡುತ್ತಾರೆ, ಮತ್ತು ಒಂದಕ್ಷರ ತಪ್ಪಿದರೂ ಹ್ಯಾಷ್ ಪೂರ್ತಿ ಬೇರೆಯಾಗುತ್ತದೆ. ಮಿದುಳಿನ ಅಲೆ ಎರಡು ಬಾರಿ ತದ್ವತ್ ಒಂದೇ ಆಗಿರುವುದಿಲ್ಲವಾದ್ದರಿಂದ ಈ ಉಪಾಯ ನೇರವಾಗಿ ನಡೆಯದು. ಹತ್ತಿರದ ಹೋಲಿಕೆಯನ್ನು ಅಳೆಯಲು ಬರುವ ರೂಪದಲ್ಲೇ ದಾಖಲೆಯನ್ನು ಇಡಬೇಕಾಗುತ್ತದೆ. ಸಣ್ಣ ವ್ಯತ್ಯಾಸವನ್ನು ಸಹಿಸಿಕೊಂಡು ಸ್ಥಿರವಾದ ಕೀಲಿಯನ್ನು ಹಿಂಡಿ ತೆಗೆಯುವ ಗೂಢಲಿಪಿ ವಿಧಾನಗಳು ಬೆಳೆದಿವೆ, ಆದರೆ ಅಲೆ ಎಷ್ಟು ಹೆಚ್ಚು ತೂಗಾಡುತ್ತದೋ ಹಾಗೆ ಹಿಂಡಿದ ಕೀಲಿಯ ಬಲ ಅಷ್ಟು ತಗ್ಗುತ್ತದೆ. ದಾಖಲೆಯನ್ನು ಸರ್ವರಿಗೆ ಕಳಿಸದೆ ಉಪಕರಣದಲ್ಲೇ ಇಟ್ಟು, ಹೊಂದಿತು ಅಥವಾ ಹೊಂದಲಿಲ್ಲ ಎಂಬ ಉತ್ತರವನ್ನಷ್ಟೇ ಸಹಿ ಹಾಕಿ ಹೊರಗೆ ಕಳಿಸುವುದು ಸದ್ಯಕ್ಕೆ ಒಪ್ಪಬಹುದಾದ ಏರ್ಪಾಡು.

ಬೇಲಿ ಮತ್ತು ಹೊಲ

ಒಂದು ಇನ್ನೊಂದರ ಮೇಲೆ ಅವಲಂಬಿಸಿಲ್ಲವಾದರೆ ಎಂದು ಮೇಲೆ ಒಂದು ಷರತ್ತು ಹಾಕಿದ್ದೆ. ಈ ಪ್ರಕರಣದ ತಿರುಳು ಆ ಷರತ್ತಿನಲ್ಲಿದೆ.

ಒಕಿನಾವಾದ ಮಂಡನೆಗಿಂತ ಎಂಟು ತಿಂಗಳು ಮೊದಲು, 2012ರ ಆಗಸ್ಟ್‌ನಲ್ಲಿ, ಆಕ್ಸ್‌ಫರ್ಡ್, ಜಿನೀವಾ ಮತ್ತು ಅದೇ ಬರ್ಕ್ಲಿಯ ಸಂಶೋಧಕರು ಸೇರಿ ಇನ್ನೊಂದು ವರದಿ ಪ್ರಕಟಿಸಿದ್ದರು. ಅಗ್ಗದ ಎಮೋಟಿವ್ ಹೆಡ್‌ಸೆಟ್ ಹಾಕಿಕೊಂಡ ಸ್ವಯಂಸೇವಕರಿಗೆ ಬ್ಯಾಂಕುಗಳ ಚಿಹ್ನೆ, ಅಂಕಿಗಳು, ತಿಂಗಳ ಹೆಸರುಗಳು, ನಕಾಶೆಗಳನ್ನು ಒಂದಾದ ಮೇಲೊಂದರಂತೆ ತೋರಿಸಿದಾಗ, ಪರಿಚಿತವಾದದ್ದು ಕಂಡ ಕೂಡಲೇ ಸುಮಾರು 300 ಮಿಲಿಸೆಕೆಂಡಿನ ನಂತರ ಮಿದುಳಿನಲ್ಲಿ ಏಳುವ ಪಿ300 ಎಂಬ ಅಲೆಯಿಂದ ಅವರ ಬ್ಯಾಂಕು ಯಾವುದು, ಪಿನ್ನಿನ ಅಂಕಿ ಯಾವುದು ಎಂಬುದರ ಸುಳಿವು ಸಿಕ್ಕಿತು. ಗುಟ್ಟಿನ ಅನಿಶ್ಚಿತತೆ ಬರಿಯ ಊಹೆಗೆ ಹೋಲಿಸಿದರೆ ಶೇಕಡಾ 15ರಿಂದ 40ರಷ್ಟು ಇಳಿಯಿತು. 2017ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಆವರಣದ ನಿತೇಶ್ ಸಕ್ಸೇನಾ ಮತ್ತು ಸಂಗಡಿಗರು ಇನ್ನೂ ನೇರವಾದದ್ದನ್ನು ತೋರಿಸಿದರು. ಹೆಡ್‌ಸೆಟ್ ಧರಿಸಿದವರು ಸುಮಾರು 200 ಅಕ್ಷರಗಳನ್ನು ಒತ್ತುವುದನ್ನು ಗಮನಿಸಿದ ಮೇಲೆ, ಅವರು ಮುಂದೆ ಒತ್ತುವ ನಾಲ್ಕಂಕಿಯ ಪಿನ್ನನ್ನು ಊಹಿಸುವ ಸಾಧ್ಯತೆ 10,000ಕ್ಕೆ ಒಂದರಿಂದ 20ಕ್ಕೆ ಒಂದಕ್ಕೆ, ಆರಕ್ಷರದ ಪಾಸ್‌ವರ್ಡಿನದು ಸುಮಾರು 500ಕ್ಕೆ ಒಂದಕ್ಕೆ ಬಂದು ನಿಂತಿತು.

ಪಾಸ್‌ವರ್ಡಿಗೆ ಬಲ ಕೊಡಲೆಂದು ತಲೆಯ ಮೇಲೆ ಕೂರಿಸಿದ ಉಪಕರಣ ಪಾಸ್‌ವರ್ಡನ್ನೇ ಕದಿಯಲು ಒದಗುತ್ತದೆ ಎಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೇಲೆ ಹಾಕಿದ ಗುಣಾಕಾರದ ಲೆಕ್ಕವೂ ಇಲ್ಲಿ ಬಿದ್ದುಹೋಗುತ್ತದೆ, ಏಕೆಂದರೆ ಹೆಡ್‌ಸೆಟ್‌ನ ಅಲೆ ದುರುಳ ತಂತ್ರಾಂಶವೊಂದಕ್ಕೆ ಸಿಕ್ಕರೆ ಅದು ಒಂದೇ ಕಳವಿನಲ್ಲಿ ಎರಡು ಬೀಗಗಳ ಕೀಲಿಯನ್ನೂ ಪಡೆಯುತ್ತದೆ: ಪಾಸ್‌ವರ್ಡಿನ ಸುಳಿವು, ಜೊತೆಗೆ ಮತ್ತೆ ನುಡಿಸಬಹುದಾದ ಅಲೆಯ ಪ್ರತಿ. ಪಾಸ್‌ವರ್ಡ್ ಒತ್ತುವ ಹೊತ್ತಿನ ಅಲೆಯನ್ನೇ ಗುರುತಾಗಿ ಬಳಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ, ಬಳಕೆದಾರರಿಗೆ ಬೇರೆ ಕೆಲಸವಿಲ್ಲ ಎಂಬ ಕಾರಣಕ್ಕೆ. ನನ್ನ ತೀರ್ಮಾನದಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ಜೋಡಣೆ. ಅಲೆಯನ್ನು ಮೊದಲು ಪಡೆಯಬೇಕು, ಅದೂ ಉಸಿರಾಟದಂಥ ಅಥವಾ ಯಂತ್ರವೇ ಆ ಕ್ಷಣಕ್ಕೆ ಆರಿಸಿದ ಧ್ವನಿಯನ್ನು ಕೇಳುವಂಥ, ಗುಟ್ಟಿಲ್ಲದ ಕೆಲಸದಿಂದ. ಆ ಬಳಿಕ ಉಪಕರಣದೊಳಗೇ ಸೆನ್ಸರನ್ನು ಮುಚ್ಚಬೇಕು. ಪಾಸ್‌ವರ್ಡ್ ಒತ್ತುವುದು ಅದರ ನಂತರ. ಪ್ರತಿ ಬಾರಿ ಬೇರೆ ಧ್ವನಿ ಕೇಳಿಸಿದರೆ ಹಳೆಯ ಪ್ರತಿಯನ್ನು ನುಡಿಸುವುದು ಕಷ್ಟವಾಗುತ್ತದೆ. ಹಸಿ ಅಲೆ ಯಾವ ಆ್ಯಪಿಗೂ ಸಿಗಬಾರದು.

ಹೀಗೆ ನೋಡಿದಾಗ ಬರ್ಕ್ಲಿಯ ಏಳು ಕೆಲಸಗಳಲ್ಲಿ ಹೆಚ್ಚು ಸುದ್ದಿಯಾದ ಗುಟ್ಟಿನ ಯೋಚನೆಗಿಂತ, ಸಪ್ಪೆಯೆನಿಸುವ ಉಸಿರಾಟ ಮತ್ತು ಧ್ವನಿಯ ಕೆಲಸಗಳೇ ಪಾಸ್‌ವರ್ಡಿನ ಜೊತೆಗೆ ಹೆಚ್ಚು ಒಪ್ಪುತ್ತವೆ. ಗುಟ್ಟನ್ನು ಕಾಯಲು ಪಾಸ್‌ವರ್ಡ್ ಇದ್ದೇ ಇದೆ. ಅಲೆಯಿಂದ ಬೇಕಾದದ್ದು ಒತ್ತಿದವರು ಯಾರೆಂಬ ಸಾಕ್ಷಿ.

ಕರ್ನಾಟಕದ ಪ್ರಕರಣಗಳ ಎರಡು ತೀರ್ಪುಗಳು

ಸಾಕ್ಷಿ ಎಂದ ಕೂಡಲೇ ಕಾನೂನು ಬರುತ್ತದೆ, ಮತ್ತು ಈ ವಿಷಯದಲ್ಲಿ ಭಾರತದ ಎರಡು ಮುಖ್ಯ ತೀರ್ಪುಗಳೂ ಕರ್ನಾಟಕದ ಪ್ರಕರಣಗಳೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ನಡೆಸುವುದು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದು ಹೇಳಿತು. ಆ ಮಿದುಳು ಪರೀಕ್ಷೆಯ ಹಿಂದಿರುವುದೂ ಪಿ300ರಂಥ ಅಲೆಯೇ. ಇನ್ನೊಂದು ಕಡೆ, ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2021ರ ಮಾರ್ಚ್‌ನಲ್ಲಿ, ತನಿಖೆಗಾಗಿ ಫೋನಿನ ಪಾಸ್‌ವರ್ಡನ್ನು ಅಥವಾ ಬೆರಳಚ್ಚಿನಂಥ ದೇಹಗುರುತನ್ನು ಕೊಡಿಸಿಕೊಳ್ಳುವುದು ಅಂಥ ಬಲವಂತದ ಸಾಕ್ಷ್ಯವಾಗುವುದಿಲ್ಲ ಎಂದಿತು. ಅದೇ ತೀರ್ಪಿನಲ್ಲಿ ಒಪ್ಪಿಗೆಯಿಲ್ಲದ ಸುಳ್ಳುಪತ್ತೆ ಪರೀಕ್ಷೆಯ ಆದೇಶವನ್ನು ಬದಿಗೆ ಸರಿಸಿತು.

ಫೋನಿಗೆ ಮಿದುಳಿನ ಅಲೆಯ ಬೀಗವಿದ್ದರೆ ಅದು ಈ ಎರಡರಲ್ಲಿ ಯಾವ ಕಡೆಗೆ ಸೇರುತ್ತದೆ? ಉಸಿರಾಟದ ಹೊತ್ತಿನ ಅಲೆಯಾದರೆ ಅದು ಬೆರಳಚ್ಚಿನಂತೆ ಬರಿಯ ಗುರುತು ಎಂದು ವಾದಿಸಬಹುದು. ಗುಟ್ಟಿನ ಯೋಚನೆಯಾದರೆ, ಒಬ್ಬರನ್ನು ಕೂರಿಸಿ ಹೆಡ್‌ಸೆಟ್ ಹಾಕಿಸಿ ಇಂಥದ್ದನ್ನು ಯೋಚಿಸು ಎನ್ನುವುದು ಸೆಲ್ವಿ ತೀರ್ಪು ತಡೆದ ಪರೀಕ್ಷೆಗೆ ತೀರ ಹತ್ತಿರ ಬರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ 2024ರ ಏಪ್ರಿಲ್‌ನಲ್ಲಿ ನರಸಂಬಂಧಿ ದತ್ತಾಂಶವನ್ನು ಖಾಸಗಿತನದ ಕಾನೂನಿನೊಳಗೆ ಹೆಸರಿಟ್ಟು ಸೇರಿಸಿತು. ನಮ್ಮ 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪಾಸ್‌ವರ್ಡನ್ನೂ ದೇಹಗುರುತನ್ನೂ ಸೂಕ್ಷ್ಮ ಮಾಹಿತಿ ಎಂದು ಪಟ್ಟಿಮಾಡಿ ಬೆರಳಚ್ಚು, ಕಣ್ಣಿನ ಪಾಪೆ, ಧ್ವನಿ, ಮುಖ, ಡಿಎನ್‌ಎಗಳನ್ನು ಉದಾಹರಿಸಿದ್ದವು. ಮಿದುಳಿನ ಅಲೆಯ ಹೆಸರು ಅಲ್ಲಿಲ್ಲ. ಕಚೇರಿಯೊಂದು ತನ್ನ ನಿಯಂತ್ರಣ ಕೊಠಡಿಯ ಸಿಬ್ಬಂದಿಗೆ ಇಂಥ ಹೆಡ್‌ಸೆಟ್ ಹಾಕಿಸಲು ಹೊರಟರೆ, ಲಾಗಿನ್ನಿಗೆಂದು ಪಡೆದ ಅಲೆಯಿಂದ ಅವರ ಮಂಪರು, ಆಯಾಸ, ಗಮನದ ಮಟ್ಟವನ್ನು ಓದಬಾರದೆಂಬ ಷರತ್ತನ್ನು ಕೊಳ್ಳುವ ಮೊದಲೇ ಒಪ್ಪಂದದಲ್ಲಿ ಬರೆಸಬೇಕಾಗುತ್ತದೆ, ಏಕೆಂದರೆ ಅವನ್ನು ಓದಲು ಹೊಸ ಉಪಕರಣವೇನೂ ಬೇಕಿಲ್ಲ, ಅದೇ ಆಲ್ಫಾ ಮತ್ತು ಬೀಟಾ ಪಟ್ಟಿಗಳು ಸಾಕು.